ಚೈನಿನ ಕೊನೆಯ ಕೈ

ಹನ್ನೊಂದು ಪಂದ್ಯಗಳಲ್ಲಿ ದೀಪಿಕ ಒಂದು ಸಲವೂ ಭಾಗ್ಯಲಕ್ಷ್ಮಿಯ ಕೈಯನ್ನು ಬರಿಗೈಯಲ್ಲಿ ಹಿಡಿಯಲಿಲ್ಲ. ಗ್ಲೂಕೋಸ್ ನೀರಿನ ಬಕೀಟಿನಲ್ಲಿ ಒಂದು ನಿಂಬೆಬೀಜ ತಿರುಗುತ್ತಿದೆ, ಭಾಗ್ಯಲಕ್ಷ್ಮಿ ಅದನ್ನೇ ನೋಡುತ್ತ ಶಾಮಿಯಾನದ ಕಂಬಕ್ಕೆ ಒರಗಿದ್ದಾಳೆ, ಮಂಡ್ಯದ ಸ್ಟೇಡಿಯಮ್ಮು, ಹೆಣ್ಣುಮಕ್ಕಳ ಕಬಡ್ಡಿ ಲೀಗಿನ ಫೈನಲ್ಲು, ಅರ್ಧ ಆಟ ಮುಗಿದು ಐದು ನಿಮಿಷ ಬಿಡುವು, ಮೈಕಿನವನ ಬಾಯಿಗೆ ಮಾತ್ರ ಬಿಡುವಿಲ್ಲ, ಮದ್ದೂರು ನಾಲ್ಕು ಪಾಯಿಂಟು ಹಿಂದೆ, ಮದ್ದೂರು ನಾಲ್ಕು ಪಾಯಿಂಟು ಹಿಂದೆ, ಅವನಿಗೇನು ಗೊತ್ತು, ನಾಲ್ಕರಲ್ಲಿ ಮೂರು ಹೋದದ್ದು ಒಂದು ಕರ್ಚೀಫಿಗೆ. ಕ್ಯಾಪ್ಟನ್ ದೀಪಿಕಳ ಗುಲಾಬಿ ಕರ್ಚೀಫು, ಅಂಚಿಗೆ ಕಸೂತಿ, ಪ್ರತಿ ಪಂದ್ಯಕ್ಕೂ ಎಡಗೈಗೆ ಸುತ್ತಿಕೊಳ್ಳುತ್ತಾಳೆ, ಎದುರಿನ ರೈಡರ್ ಒಳಗೆ ಬಂದಾಗ ಕೈ ಕೈ ಕೋದು ಚೈನ್ ಕಟ್ಟಿ ನುಗ್ಗಬೇಕು, ನುಗ್ಗಿದ್ದರು, ಮಂಡ್ಯದ ಹುಡುಗಿ ಎದೆ ಕೊಟ್ಟು ಇಬ್ಬರ ನಡುವೆಯೇ ಬಿದ್ದಳು, ಕರ್ಚೀಫು ಬಿಚ್ಚಿತು, ಜಾರಿತು, ಸಂದು ಬಿತ್ತು, ಅವಳು ಮೂವರನ್ನು ತಾಗಿಸಿ ಗೆರೆ ಮುಟ್ಟಿ ನಗುತ್ತಿದ್ದಳು — ಕೈ ಬೆವರ್ತದೆ ಕಣೇ, ಅದ್ಕೇ ಸುತ್ಕತೀನಿ, ಮೊದಲ ದಿನ ದೀಪಿಕ ಹಾಗಂದಾಗ ಭಾಗ್ಯಲಕ್ಷ್ಮಿ ನಂಬಿದ್ದಳು, ನಂಬಿದ್ದಷ್ಟೇ ಅಲ್ಲ, ಪಾಪ ಎಂದುಕೊಂಡಿದ್ದಳು, ಆಮೇಲೆ ಚಿಕ್ಕರಸಿನಕೆರೆಯ ಪಂದ್ಯ, ಅವತ್ತು ಇವಳಿಗೆ ಜ್ವರ, ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದಳು, ಇವಳ ಜಾಗದಲ್ಲಿ ಚಂದನ ನಿಂತಳು, ದೀಪಿಕಳ ಬೆರಳು ಚಂದನಳ ಬೆರಳ ಸಂದಿಗೆ ಹೋಗಿ ಕೂತವು, ಕರ್ಚೀಫು ಸೊಂಟದಲ್ಲಿ ಸಿಕ್ಕಿಸಿಕೊಂಡು ಗಾಳಿಗೆ ಆಡುತ್ತಿತ್ತು, ಬಿಸಿಲು ಇವತ್ತಿಗಿಂತ ಕೆಟ್ಟದಾಗಿತ್ತು, ಬೆವರು ಯಾರನ್ನೂ ಬಿಟ್ಟಿರಲಿಲ್ಲ.

ಬೆವರು ಕೇರಿ ನೋಡಿಕೊಂಡು ಬರುತ್ತದೆಯೇ ಹಾಗಾದರೆ, ಮಳವಳ್ಳಿ ಕಡೆಯ ಎ.ಕೆ. ಕಾಲೋನಿಯಿಂದ ಮದ್ದೂರು ತಂಡಕ್ಕೆ ಬಂದ ಮೊದಲನೆಯವಳು ಇವಳು, ಕೋಚ್ ಶಿವಣ್ಣ ಸಾರ್ ಹೋಬಳಿ ಆಟದಲ್ಲಿ ನೋಡಿ ಸಂಬಳ ಗೊತ್ತುಮಾಡಿ ಕರೆತಂದರು, ನಮ್ಮ ತಂಡದಲ್ಲಿ ಜಾತಿಗೀತಿ ಇಲ್ಲ ಎಂದು ಪೇಪರಿನವರ ಮುಂದೆ ಇವಳ ಹೆಗಲ ಹತ್ತಿರ ಕೈ ತಂದರು, ಹತ್ತಿರ ಅಷ್ಟೆ, ಫೋಟೊದಲ್ಲಿ ಈಗಲೂ ನೋಡಬಹುದು, ಆ ಕೈಗೂ ಹೆಗಲಿಗೂ ನಡುವೆ ಒಂದು ಇಂಚು ಆಕಾಶ. ನೀನು ಕಾರ್ನರಿಗೆ ನಿಂತ್ಕಳಮ್ಮ, ನಿನ್ ಕಾಲುದ್ದ, ಆಗಲಿ ಸಾರ್ ಎಂದು ಹಿಗ್ಗಿ ನಿಂತಿದ್ದಳು, ಕಾಲಿನ ಮಾತಲ್ಲ ಅದು ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು, ನಡುವೆ ನಿಂತರೆ ಇಬ್ಬರು ಹಿಡಿಯಬೇಕು, ಕೊನೆಗೆ ನಿಂತರೆ ಒಬ್ಬಳು ಸಾಕು. ಆಟಕ್ಕೆ ಹೋಗುವ ಟಿಟಿ ವ್ಯಾನಿನಲ್ಲಿ ಕಿಟಕಿ ಸೀಟು ಯಾವಾಗಲೂ ಇವಳಿಗೇ, ಪಕ್ಕದ ಸೀಟು ಯಾವಾಗಲೂ ಬ್ಯಾಗುಗಳಿಗೆ, ಭಾಗ್ಯಂಗೆ ಕಿಟಕಿ ಅಂದ್ರೆ ಪ್ರಾಣ ಕಣ್ರೇ ಎಂದು ಚಂದನ ನಗುತ್ತಾಳೆ, ಇವಳೂ ನಗುತ್ತಾಳೆ, ಹೊರಗೆ ಭತ್ತದ ಗದ್ದೆ, ನಾಟಿ ಹಾಕುವ ಹೆಂಗಸರ ಸಾಲು, ಅವ್ವನಂಥವರು. ಅವ್ವ ಚಿಕ್ಕನಂಜಮ್ಮ ವಿ.ಸಿ. ಫಾರಮ್ಮಿನಲ್ಲಿ ಕಳೆ ಕಿತ್ತು ಬಂದವಳು ಫೋನಿನಲ್ಲಿ ಕೇಳಿದಳು, ಆ ಮಕ್ಳು ಚೆಂದಾಗಿ ನೋಡ್ಕತಾರೇನವ್ವ, ಊಂ ಕಣವ್ವ, ಕೈಯೇ ಬುಡಾಕಿಲ್ಲ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು, ಅವ್ವ ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು.

ಇವಳನ್ನು ಬಿಡಬಾರದು ಎಂದು ಯಾರಾದರೂ ಅನ್ನುವುದು ಗೆರೆಯ ಆ ಕಡೆ ಮಾತ್ರ. ಕಬಡ್ಡಿ ಕಬಡ್ಡಿ ಎಂದು ಒಂದೇ ಉಸಿರಲ್ಲಿ ಒಳಗೆ ಹೋದರೆ ಏಳು ಜನ, ಹದಿನಾಲ್ಕು ಕೈ, ಹರಡಿನ ಮೇಲೆ, ತೊಡೆಯ ಮೇಲೆ, ನಡುವಿನ ಸುತ್ತ, ಹಿಡ್ಕಳ್ರೇ, ಬುಡ್ಬ್ಯಾಡ್ರೇ ಅವ್ಳ, ಮಳವಳ್ಳಿ ತಂಡದ ಪಟ್ಟಲಮ್ಮ ಒಂದು ಸಲ ಕಾಲು ಕಚ್ಚಿ ಹಿಡಿದು ಇಡೀ ಮೈ ಇವಳ ಮೇಲೆ ಹಾಕಿದಳು, ಉಸಿರು ಹೋಯಿತು, ಪಾಯಿಂಟೂ ಹೋಯಿತು, ಪಟ್ಟಲಮ್ಮ ಎದ್ದು ತೋಳು ಹಿಡಿದು ಎತ್ತಿದಳು, ಏನೇ ಅದು ಕಾಲು, ಎತ್ತು ಒದ್ದಂಗೆ ಒದೀತೀಯಲ್ಲೇ ಮೂದೇವಿ, ಬೆನ್ನಿನ ದೂಳು ಕೊಡವಿದಳು, ಪೂರಾ ಅಂಗೈಯಲ್ಲಿ, ಎರಡು ಸಲ. ತನ್ನ ಕಡೆಗೆ ವಾಪಸು ನಡೆಯುವ ಆ ಐದು ಹೆಜ್ಜೆ ಎಷ್ಟು ನಿಧಾನವಾಗಿದ್ದವು.

ಶಿವಣ್ಣ ಸಾರ್ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದಾರೆ, ಕೈಯಲ್ಲಿ ಕ್ರೇಪ್ ಬ್ಯಾಂಡೇಜಿನ ಸುರುಳಿ, ಬಲಗೈಗೆ ಸುತ್ಕಮ್ಮ, ನೋವಿಲ್ಲ ಸಾರ್, ಇಲ್ದಿದ್ರೂ ಸುತ್ಕೊ, ಬೆರಳ ತುದಿಗಂಟ, ರೆಫ್ರಿ ಕೇಳಿದ್ರೆ ಉಳುಕು ಅನ್ನು, ಕರ್ಚೀಫಾದ್ರೆ ಜಾರ್ತದೆ, ಇದು ಜಾರಾಕಿಲ್ಲ, ದೀಪಿಕ ಗಟ್ಯಾಗಿ ಹಿಡೀತಾಳೆ, ಗೆದ್ಬುಡ್ತೀವಿ — ಅಂದರೆ ಸಾರಿಗೆ ಗೊತ್ತಿತ್ತು, ಹನ್ನೊಂದು ಪಂದ್ಯವೂ ಗೊತ್ತಿತ್ತು, ಯಾರ ರೋಗಕ್ಕೆ ಯಾರ ಕೈಗೆ ಬ್ಯಾಂಡೇಜು, ದೀಪಿಕ ಅಲ್ಲೇ ಬಗ್ಗಿ ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ, ತಲೆ ಎತ್ತುವುದಿಲ್ಲ. ನೋಡು, ರಾಜ್ಯ ತಂಡಕ್ಕೆ ಆರಿಸೋರು ಮುಂದಿನ ಸಾಲಲ್ಲಿ ಕುಂತವ್ರೆ, ಸುತ್ಕಂಡ್ರೆ ಆಡು, ಇಲ್ದಿದ್ರೆ ಬೆಂಚಿಗೆ ಬಾ, ನಿನ್ನ ಕರ್ಕಬಂದೋನು ನಾನು, ನನ್ ಮಾನ ಕಳೀಬ್ಯಾಡ ಕಣವ್ವ, ದನಿ ಮೆತ್ತಗಿದೆ, ಮೆತ್ತಗಿರುವುದೇ ಕಷ್ಟ, ಬೈದಿದ್ದರೆ ಬೈಯಬಹುದಿತ್ತು, ಸುರುಳಿ ಮಡಿಲಲ್ಲಿ ಬಿದ್ದಿದೆ, ಮೂರು ಸುತ್ತು ಸುತ್ತಿಕೊಂಡರೆ ರಾಜ್ಯ ತಂಡ, ಅಲ್ಲಿಯೂ ಒಂದು ಕಾರ್ನರ್, ಅಲ್ಲಿಯೂ ಯಾರದೋ ಕರ್ಚೀಫು — ಸೀಟಿ. ಎದ್ದಾಗ ಸುರುಳಿ ಉರುಳಿ ಬಿಚ್ಚಿಕೊಂಡು ಹೋಯಿತು, ಅವಳು ಮ್ಯಾಟಿನ ಮೇಲಿದ್ದಾಳೆ, ಕಾರ್ನರಿನಲ್ಲಲ್ಲ, ನಡುವೆ, ಆ ಕಡೆ ಚಂದನ, ಈ ಕಡೆ ದೀಪಿಕ, ಎರಡೂ ಕೈ ಚಾಚಿದ್ದಾಳೆ, ಎರಡು ಬರಿಗೈ, ಬೆವರಿನ ಕೈ, ಬೆರಳುಗಳು ತೆರೆದಿವೆ, ಯಾರೂ ಹಿಡಿದಿಲ್ಲ, ಗೆರೆಯಾಚೆಯಿಂದ ಶಿವಣ್ಣ ಸಾರ್, ಏಯ್ ಭಾಗ್ಯ, ಸುತ್ಕೊ, ಇಲ್ಲ ಈಚೆ ಬಾ, ಜನ ನೋಡ್ತಾವ್ರೆ, ನೋಡಲಿ, ಸುತ್ತಾಕಿಲ್ಲ ಸಾರ್, ಬಾ ಅಂದ್ರೆ ಬರಬೇಕು, ಬರಾಕೂ ಇಲ್ಲ — ಕೈ, ಚಾಚಿದ ಎರಡು ಕೈ —