ತೊಯ್ದ ಗೋಣಿತಟ್ಟು

ಬೀದರದಾಗ ಬ್ಯಾಸಗಿ ಬಂತಂದ್ರ ಕೂಲರ್ ಮುಟ್ಟಿ ಜುಮ್ ಅನ್ನಿಸ್ಕೊಳ್ಳದ ಮನಿ ಯಾವುದದ ಹೇಳ್ರಿ? ಮುರ್ತುಜಾನ ಕಬ್ಬಿಣದ ಕೂಲರೂ ಹಂಗೇ. ಅದನ್ನ ರಿಪೇರಿ ಮಾಡಿಸೋದು ಬಿಟ್ಟು ಈ ಮಹಾರಾಯ ಅದರ ಮುಂದ ಒಂದು ಗೋಣಿತಟ್ಟು ಹಾಸಿದ. ತಟ್ಟಿನ ಮ್ಯಾಲ ನಿಂತು ನೀರು ಹಾಕಿದ್ರ ಕರೆಂಟ್ ಹಿಡಿಯಂಗಿಲ್ಲಂತ! ಓಣಿ ತುಂಬ ಇದೇ ಹುಚ್ಚು ಧೈರ್ಯ.

ಅವನ ಹೆಂಡತಿ ಆಬೇದಾ ಔರಾದದಾಕಿ, ಹತ್ತನೇ ಕ್ಲಾಸ್ ತನಕ ಓದಿದಾಕಿ. "ತಟ್ಟು ಒಣಾ ಇದ್ರ ಕರೆಂಟ್ ಹರಿಯಂಗಿಲ್ಲ, ಖರೆ ಅದ. ತೊಯ್ದ ಮ್ಯಾಲ ಅದನ್ನ ನಂಬಬ್ಯಾಡ್ರಿ" ಅಂತ ಹೇಳಿ ಹೇಳಿ ಸಾಕಾಗಿದ್ದಳು.

"ಆತು ಬಿಡ್ರಿ ಟೀಚರಮ್ಮಾ" ಅಂತ ಅವ ನಗ್ತಿದ್ದ.

ಅವತ್ತು ಮಧ್ಯಾಹ್ನ ಅಂಗಳದಾಗ ಕೂಲರ್ ತಿರುಗ್ತಿರಬೇಕಾದ್ರೇ ಬಕೀಟು ಎತ್ತಿ ನೀರು ಸುರುವಿದ. ಅರ್ಧ ನೀರು ತಟ್ಟಿನ ಮ್ಯಾಲೇ ಚೆಲ್ತು. ಅವನ ಎಡಗೈ ಕೂಲರಿನ ಅಂಚಿಗೆ ಅಂಟಿಬಿಡ್ತು. ಚೀರಲಿಲ್ಲ, ಒದರಲಿಲ್ಲ, ಬರೇ ನಡುಗ್ತಾ ಆಬೇದಾನ್ನ ನೋಡ್ಲಿಕ್ಕತ್ತಿದ. ಬಟನ್ ಕೂಲರಿನ ಹಿಂದ, ಅವನ್ನ ದಾಟೇ ಹೋಗಬೇಕು. ಮೇನ್ ಸ್ವಿಚ್ ಮನಿ ಮಾಲಕರ ಖೋಲ್ಯಾಗ, ಅವರೋ ಕೀಲಿ ಹಾಕ್ಕೊಂಡು ಭಾಲ್ಕಿಗೆ ಶಾದಿಗೆ ಹೋಗ್ಯಾರ.

ಎಲ್ಲಿ ನೋಡಿದ್ರೂ ಕಬ್ಬಿಣ, ಸ್ಟೀಲು, ನೀರು. ಅಂಗಳದ ಆಚಿ ತುದಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರಿಂದ ಅವನ್ನ ದೂಕಿದ್ರ ಕೈ ಬಿಡ್ತದ ಅಂತ ಆಬೇದಾಗ ಗೊತ್ತಿತ್ತು. ಓಡಬೇಕು ಅನ್ನೋದರಾಗ ಅತ್ತಿ ಮುನ್ನಿಬೀ "ಬೇಟಾ!" ಅಂತ ಬರಿಗಾಲಾಗ ಒಳಗಿಂದ ಓಡಿ ಬಂದಳು.

ಆಬೇದಾ ಹಾರಿ ಮುದುಕಿ ನಡ ಹಿಡಿದಳು. "ಮುಟ್ಟಬ್ಯಾಡ್ರಿ ಅಮ್ಮೀ! ಮುಟ್ಟಿದ್ರ ನೀವೂ ಹೋಗ್ತೀರಿ!"

ಮುದುಕಿ ಕೇಳಬೇಕಲ್ಲ! ಪರಚಿದಳು, ಕಚ್ಚಿದಳು. ಮಗ ಸಾಯೋ ಹೊತ್ತಿನಾಗ ತಾಯಿ ಮೈಯಾಗ ಎಲ್ಲಿಂದ ಬರ್ತದೋ ಅಷ್ಟು ಕಸುವು! ಮುದುಕಿನ್ನ ಬಿಟ್ರ ಆಕಿ ಮಗನ್ನ ತಬ್ಬತಾಳ. ಬಿಡದಿದ್ರ ಕುರ್ಚಿ ತರೋರು ಯಾರು?

"ಯಾರರೆ ಬರ್ರಿ! ಕುರ್ಚಿ ತಗೊಂಡು ಬರ್ರಿ!" ಅಂತ ಆಬೇದಾ ಗಂಟಲು ಹರಿಯೋಹಂಗ ಒದರಿದಳು. ಆ ಉರಿಬಿಸಲಾಗ ಎಲ್ಲರ ಬಾಗಿಲಾ ಹಾಕಿದ್ವು. ಗಂಡ ಇನ್ನೂ ಆಕಿನ್ನೇ ನೋಡ್ತಿದ್ದ.

ಕಡೀಕ ಬಾಜೂಮನಿ ಸರ್ದಾರ ಗ್ವಾಡಿ ಜಿಗಿದು ಬಂದು, ಕುರ್ಚೀಲೆ ಜೋರು ದೂಕಿ ಬಿಡಿಸಿದ. ದವಾಖಾನಿಗೆ ಒಯ್ಯೋದರಾಗ ಎಲ್ಲಾ ಮುಗಿದಿತ್ತು.

ಮೂರನೇ ದಿನದ ಜಿಯಾರತ್ತಿಗೆ ಬಂದ ಹೆಂಗಸರು, "ಅತ್ತಿನ್ನರೆ ಉಳಿಸಿದಿ, ಶಾಬಾಶ್" ಅಂತ ಆಬೇದಾನ ಬೆನ್ನು ಸವರಿ ಹೋದರು. ಮನಿ ಖಾಲಿ ಆದಮ್ಯಾಲ ಮುನ್ನಿಬೀ ಸೊಸಿ ಬಾಜೂಕ ಬಂದು ಕುಂತಳು. ದನಿಯಾಗ ಸಿಟ್ಟಿರಲಿಲ್ಲ.

"ನಾ ಬಾಳಿ ಮುಗಿಸಿದಾಕಿ. ನನ್ನ ಬಿಟ್ಟು ನೀ ಕುರ್ಚಿಗೆ ಓಡಬೇಕಿತ್ತಲ್ಲ, ಬೇಟೀ."

ಆಬೇದಾನೂ ಅದನ್ನೇ ಯೋಚಿಸ್ಕೋತ ಕುಂತಿದ್ದಳು.