ಗೆದ್ದಲಿಗೆ ಬಿಟ್ಟ ಜಾಗ

ಗೋಆಸೊ ಪಟ್ಟಣದ ಮರ ಪರೀಕ್ಷಾ ಕೇಂದ್ರದ ಹಿಂದೆ ಗೆದ್ದಲು ತುಂಬಿದ ಒಂದು ತುಂಡು ನೆಲವಿತ್ತು. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದರು. ಗೆದ್ದಲು ಮುಟ್ಟದ ಓಡಮ್ ಮರವನ್ನು ಮನೆಗೆ, ಸೇತುವೆಗೆ ಎಂದು ಕಡಿದು ಕಡಿದು ಮುಗಿಸುತ್ತ ಬಂದಿದ್ದೇವೆ. ಅದರ ಬದಲಿಗೆ, ಯಾರೂ ತಿರುಗಿ ನೋಡದ ಅನಂತಾ ಮರ ಆದೀತೇ ಎಂದು ನೋಡಲು ನನ್ನ ತಂಗಿಯ ಮಗಳು ಸೆರ್ವಾ ಅದರ ಗೂಟಗಳನ್ನು ಅಲ್ಲಿ ಹುಗಿದಿದ್ದಳು. ಪಕ್ಕದಲ್ಲಿ ವಾವಾ ಮರದ ಗೂಟಗಳು. ವಾವಾ ಎಂದರೆ ಗೆದ್ದಲಿಗೆ ಹಬ್ಬದೂಟ. ಗೆದ್ದಲು ಅದನ್ನು ತಿಂದು, ಅನಂತಾವನ್ನು ಬಿಟ್ಟರೆ ಮಾತ್ರ ಪರೀಕ್ಷೆಗೆ ಬೆಲೆ. ನಾಲ್ಕು ವರ್ಷ ಹಾಗೆಯೇ ನಡೆದಿತ್ತು. ಇನ್ನೊಂದು ವರ್ಷ ಗೆದ್ದರೆ ನಮ್ಮೂರಿನ ಹಳ್ಳದ ಮೇಲೆ ಶಾಲೆಯ ಮಕ್ಕಳಿಗೆ ಅನಂತಾ ಮರದ ಕಾಲುಸೇತುವೆ.

ಸೆರ್ವಾ ಒಂದು ಶವಸಂಸ್ಕಾರಕ್ಕೆ ಊರಿಗೆ ಹೋಗಿದ್ದಳು. ಸೋಮವಾರ ಅಲ್ಲಿಂದ ನೇರ ಕೆಲಸಕ್ಕೆ ಬರುತ್ತಾಳೆಂದು ನಾನು ಅವಳಿಗೆ ಊಟ ಒಯ್ದಾಗ ಕೇಂದ್ರದ ಹಿಂದೆ ಘಾಟು ವಾಸನೆ. ಹುತ್ತಗಳೆಲ್ಲ ನೆಲಸಮ. ಬೆನ್ನಿಗೆ ಗೆದ್ದಲು ಕೊಲ್ಲುವ ಔಷಧಿಯ ಡಬ್ಬಿ ಹೊತ್ತಿದ್ದ ಆಳು ನನ್ನನ್ನು ಕಂಡು, ನಾನು ಗಾಳಿಯ ಎದುರಿಗಿದ್ದೇನೆಂದು ತೋಳು ಹಿಡಿದು ಆಚೆ ಕರೆದೊಯ್ದ. ಅವನಿಗೆ ಹೇಳಿದ ಕೆಲಸವನ್ನಷ್ಟೇ ಅವನು ಮಾಡಿದ್ದ.

ಹೇಳಿದವರು ನಿರ್ದೇಶಕ ಅಗ್ಯೇಕುಮ್. ಕೊಡೆ ಹಿಡಿದು ನಗುತ್ತ ನಿಂತಿದ್ದರು.

"ಬನ್ನಿ ಆಂಟಿ! ಹೊರದೇಶದಿಂದ ಅತಿಥಿಗಳು ಬರ್ತಿದ್ದಾರೆ. ಕಿಟಕಿ ತೆಗೆದ್ರೆ ಬರೀ ಹುತ್ತ ಕಾಣ್ತಿತ್ತು. ಈಗ ನೋಡಿ, ಹೇಗಿದೆ?"

ಉತ್ತರ ಕೊಟ್ಟವಳು ಸೆರ್ವಾ. ಅವಳು ಆಗತಾನೆ ಬಂದಿದ್ದಳು, ಇನ್ನೂ ಶವಸಂಸ್ಕಾರದ ಕಪ್ಪು ಬಟ್ಟೆಯಲ್ಲೇ.

"ಸಾರ್, ಏನು ಮಾಡಿಬಿಟ್ರಿ?"

"ಯಾಕಮ್ಮ? ಒಂದು ಗೂಟಕ್ಕೂ ಹುಳ ಬರಲ್ಲ ಇನ್ನು. ನಿನ್ನ ಅನಂತಾ ಪಾಸು!"

"ವಾವಾನೂ ಪಾಸು ಸಾರ್. ನಿಮ್ಮ ಕೊಡೆಯ ಹಿಡಿ ಹುಗಿದ್ರೆ ಅದೂ ಪಾಸು!"

ಆಳು ಕೆಮ್ಮಿದಂತೆ ಮಾಡಿ ನಗು ನುಂಗಿದ. ಅಗ್ಯೇಕುಮ್ ಅವರ ನಗು ಮಾಯವಾಯಿತು.

"ವರದಿಗೆ ಸಹಿ ಹಾಕು. ಮಕ್ಕಳು ಎದೆಮಟ್ಟ ನೀರಲ್ಲಿ ದಾಟ್ತಿವೆ, ನಿನಗೆ ನಿನ್ನ ಹಟ."

"ದಾಟೋರಲ್ಲಿ ನನ್ನ ಮಗನೂ ಇದ್ದಾನೆ. ಅದಕ್ಕೇ ಹಾಕಲ್ಲ. ಗಟ್ಟಿ ಅಂತ ನೀವು ಅಷ್ಟು ನಂಬಿದ್ರೆ, ಊರಲ್ಲಿ ಕಟ್ಟಿಸ್ತಿರೋ ನಿಮ್ಮ ಮನೆಗೆ ಅನಂತಾ ಹಾಕ್ಸಿ."

"ಅದಕ್ಕೆ... ಓಡಮ್ ಆಗಲೇ ಬಂದಿದೆ."

ನಾನು ಜಗಳಗಂಟಿಯಲ್ಲ. ಇದೇ ಕೇಂದ್ರದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಷ್ಟು ಕಾಲ ದನಿ ಏರಿಸಿದವಳಲ್ಲ. ಆದರೆ ಅಂದು ಊಟದ ಡಬ್ಬಿಯನ್ನು ನೆಲಕ್ಕೆ ಕುಕ್ಕಿದೆ. "ನಾಚಿಕೆ ಆಗಬೇಕು ನಿಮಗೆ," ಎಂದೆ. ಅಷ್ಟು ಜೋರಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ.

ಸೆರ್ವಾ ಆ ಗೂಟಗಳನ್ನು ಮುಟ್ಟಲಿಲ್ಲ. ವಿಷ ಹೀರಿದ ಮರ ಯಾವುದಕ್ಕೂ ಸಾಕ್ಷಿ ಹೇಳಲಾರದು. ಹೊಸ ಅನಂತಾ, ಹೊಸ ವಾವಾ ಕೊಯ್ಯಿಸಿ ತಂದು ನನ್ನ ಹಿತ್ತಿಲಲ್ಲಿ, ಹಳೆಯ ಹುತ್ತದ ಸುತ್ತ ಹುಗಿದಳು. ಪ್ರತಿ ಸುತ್ತಿಗೆ ಏಟಿಗೂ ಅಗ್ಯೇಕುಮ್ ಹೆಸರು ಹೇಳಿದಳು. ನಾನು ತಡೆಯಲಿಲ್ಲ.

ಪಕ್ಕದ ಮನೆಯ ಡೊಕುವಾ ಬೇಲಿಯ ಮೇಲಿಂದ ಕೂಗಿದಳು: "ಏನೇ ಮುದುಕಿ, ಗೆದ್ದಲನ್ನ ಮನೆಗೇ ಊಟಕ್ಕೆ ಕರೀತಿದ್ದೀಯಾ? ನನ್ನ ಬಾಗಿಲು ತಿಂದ್ರೆ ಬಾಗಿಲಿನ ಜಾಗದಲ್ಲಿ ನಿನ್ನನ್ನೇ ನಿಲ್ಲಿಸ್ತೀನಿ!" ಬೈದು ಮುಗಿಸಿದ ಮೇಲೆ, ಹುತ್ತದ ಸುತ್ತ ತೇವ ಇರಲೆಂದು ತಾನೇ ಒಂದು ಬಕೆಟ್ ನೀರು ತಂದು ಸುರಿದಳು.

ಪರೀಕ್ಷೆ ಮತ್ತೆ ಮೊದಲಿನಿಂದ ಶುರು, ಹಾಗಾಗಿ ಊರಿಗೆ ಸೇತುವೆ ಇನ್ನೂ ಬಂದಿಲ್ಲ. ಸೆರ್ವಾಳ ಮಗ ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡೇ ಹಳ್ಳ ದಾಟುತ್ತಾನೆ. ಅದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಉಕ್ಕುತ್ತದೆ.

ನಿನ್ನೆ ಸೆರ್ವಾ ಮಣ್ಣಿನಲ್ಲಿ ಮೊಣಕಾಲೂರಿ ಒಂದು ವಾವಾ ಗೂಟ ಎಳೆದಳು. ಅರ್ಧವಷ್ಟೇ ಕೈಗೆ ಬಂತು. ಒಳಗೆಲ್ಲ ಬಿಳಿ ಹುಳ. ಪಕ್ಕದ ಅನಂತಾ ಗೂಟದ ಮೇಲೆ ಒಂದು ಗೀರೂ ಇರಲಿಲ್ಲ.

"ಬಂದ್ವು ಆಂಟಿ," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಹಲ್ಲು ಕಂಡಿತು. ನಾನು ಆ ಮುರುಕನ್ನು ಇಸಿದುಕೊಂಡು, ಹುಳ ಉದುರದ ಹಾಗೆ ಮತ್ತೆ ಅದೇ ಜಾಗದಲ್ಲಿ ನೆಟ್ಟೆ.