ದೋಣಿ ನೂಕುವ ಕೂಗು

ಬಡಗಣ ಗಾಳಿ ತಗ್ಗುವ ಕಾಲ, ಬೆಳಗಿನ ನಮಾಜು ಮುಗಿದ ಹೊತ್ತು. ಬಂದೂಕಿನವರು ಊರಿಗೆ ಬೆಂಕಿ ಇಟ್ಟರು. ನಾವು ತೊರೆಯ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಮರಗಳ ಸಂದಿಗೆ ಓಡಿ ಬಂದರೆ ದೋಣಿ ಕೆಸರಿನಲ್ಲಿ ಕೂತಿತ್ತು. ಕಡಲಿನ ಇಳಿತ ಶುರುವಾಗಿತ್ತು; ತಡಮಾಡಿದರೆ ನೀರು ಮತ್ತೆ ಬರುವುದು ಮಧ್ಯಾಹ್ನದ ಮೇಲೆಯೇ. ನನ್ನ ಮಗಳು ಆತಿಜಾಗೆ ಹಿಂದಿನ ದಿನದಿಂದ ಹೆರಿಗೆ ನೋವು. ಇಬೋ ದ್ವೀಪದ ಆಸ್ಪತ್ರೆಗೆ ಮುಟ್ಟಿಸದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲವೆಂದು ಸೂಲಗಿತ್ತಿ ಮುವಾನಾಶಾ ಹೇಳಿಬಿಟ್ಟಿದ್ದಳು.

ಮುವಾನಾಶಾಳೂ ಸೇರಿ ಹತ್ತು ಮಂದಿ ನೂಕಿದೆವು. ಅಲುಗಲಿಲ್ಲ. ಒಬ್ಬನ ಬಲ ಈಗ ಬಿದ್ದರೆ ಇನ್ನೊಬ್ಬನದು ಆಮೇಲೆ. ನಮ್ಮಲ್ಲಿ ಕೂಗಿಲ್ಲದೆ ದೋಣಿ ನೂಕಿ ಯಾರಿಗೂ ಅಭ್ಯಾಸವಿಲ್ಲ. ಒಬ್ಬ ನಮ್ಮ ಕಿಮ್ವಾನಿ ಮಾತಿನಲ್ಲಿ "ಯಾರದೀ ದೋಣಿ?" ಎನ್ನಬೇಕು, ಉಳಿದವರು "ನಮ್ಮದು!" ಎನ್ನುತ್ತ ಹೆಗಲು ಕೊಡಬೇಕು. ನಲವತ್ತು ವರ್ಷದಿಂದ ಆ ಕೂಗು ನಮ್ಮಣ್ಣ ಬಕಾರನದು.

"ಕೂಗಣ್ಣಾ," ಎಂದೆ.

"ತಲೆ ಕೆಟ್ಟಿದ್ಯೇನೋ? ಹೊರಗಿನವ್ರಾದ್ರೆ ಯಾರೋ ಹಾಡ್ತಿದಾರೆ ಅನ್ಕೊಂಡಾರು. ಆ ಬಂದೂಕಿನವ್ರಲ್ಲಿ ಅರ್ಧ ಜನ ನಮ್ಮೂರ ಹುಡುಗ್ರೇ. ಈ ಕೂಗು ಕೇಳ್ಕೊಂಡೇ ಬೆಳೆದೋರು. ನೆಟ್ಟಗೆ ಇಲ್ಲಿಗೇ ಬರ್ತಾರೆ."

"ಮದುವೆ ಮನೇಲಿ ಸಾಕು ಅಂದ್ರೂ ಬಾಯಿ ಮುಚ್ಚದೋನು, ಇವತ್ತು ಮೂಕ ಆಗ್ಬಿಟ್ಟ ನೋಡು," ಎಂದು ಮುವಾನಾಶಾ ಹಲ್ಲು ಕಡಿದಳು.

ಆತಿಜಾ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು. ಅಣ್ಣ ಅವಳನ್ನೇ ನೋಡುತ್ತ ನಿಂತ. ಆಮೇಲೆ ಅಂಗಿ ಬಿಚ್ಚಿ ಅವಳಿಗೆ ಹೊದಿಸಿ ನೀರಿಗಿಳಿದ.

"ಎಲ್ಲಿಗಣ್ಣಾ?"

"ಆಚೆ ದಡಕ್ಕೆ, ಅಲ್ಲಿಂದ ಕೂಗ್ತೀನಿ. ಊರಿಂದ ಅಲ್ಲಿಗೂ ದಾರಿ ಇದೆ, ಕೂಗು ಕೇಳಿದ ಕಡೆಗೇ ಓಡ್ತಾರೆ. ನೀವು ಬಾಯಿ ಬಿಡಬೇಡಿ, ಬರೀ ನೂಕಿ."

"ನೀನು ಹ್ಯಾಗೆ ಬರ್ತೀ?"

"ಈಜ್ಕೊಂಡು ಬರ್ತೀನಿ ಬಿಡೋ. ನಿನ್ನ ಹಾಗೆ ನೀರು ಕಂಡ್ರೆ ನಡುಗೋ ಮೇಕೆನಾ ನಾನು?"

ಎದೆಮಟ್ಟದ ನೀರು ದಾಟಿ ಮರಗಳಲ್ಲಿ ಮರೆಯಾದ.

ಮೊದಲ ಕೂಗಿಗೆ ದೋಣಿ ಗೇಣು ಸರಿಯಿತು. "ನಮ್ಮದು" ಎಂಬುದನ್ನು ಹಲ್ಲಿನೊಳಗೇ ಹಿಡಿದೆವು. ಎರಡನೆಯದಕ್ಕೆ ಒಂದು ಮೊಳ. ಮೂರನೆಯದರ ಬೆನ್ನಿಗೇ ಆಚೆ ದಡದಲ್ಲಿ ಕೊಂಬೆ ಮುರಿಯುವ ಸದ್ದು, ಓಡುವ ಕಾಲು. ಅವನು ನಿಲ್ಲಿಸಲಿಲ್ಲ. ನಾಲ್ಕಕ್ಕೆ ದೋಣಿ ತೇಲಿತು. ಅದು ಅವನಿಗೆ ಹೇಗೆ ತಿಳಿಯಬೇಕು? ನಾವು ಹಾಯಿ ಎತ್ತುವಾಗ ಇನ್ನೊಂದು ಕೂಗಿದ. "ಯಾರದೀ" ಎಂಬಲ್ಲಿಗೆ ಗುಂಡಿನ ಸದ್ದಾಯಿತು.

"ಸ್ವಲ್ಪ ಕಾಯೋಣ," ಎಂದೆ. ಮುವಾನಾಶಾ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡಳು.

ಇಬೋದಲ್ಲಿ ಮಗು ಹುಟ್ಟಿತು, ತಾಯಿಯೂ ಉಳಿದಳು. ತೊರೆಯ ದಡದಿಂದ ಹೊರಟವರು ನೂಕಿದ ಒಂಬತ್ತು ಮಂದಿ, ಆತಿಜಾ, ಅವಳ ಮೇಲೆ ಬಕಾರಣ್ಣನ ಅಂಗಿ. ಈಜಿಕೊಂಡು ಬರುತ್ತೇನೆಂದವನು ಬರಲಿಲ್ಲ. ಅಂದು ಶುಕ್ರವಾರ.